ಸಂಪಾಜೆ ಮತ್ತು ಕೊಡಗಿನ ಗಡಿಗಳ ಅಂಚೆ ಇತಿಹಾಸ

ಕೊಡಗಿಗೆ ಸ್ವಂತ ಅಂಚೆಚೀಟಿ ಎಂದೂ ಇರಲಿಲ್ಲ. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಪಟ್ಟ ಕಳೆದುಕೊಂಡಾಗ ಜಗತ್ತಿನ ಮೊದಲ ಅಂಚೆಚೀಟಿ ಹುಟ್ಟಲು ಇನ್ನೂ ಆರು ವರ್ಷ ಬಾಕಿಯಿತ್ತು. ಆ ಬಳಿಕ ಮಡಿಕೇರಿಯಲ್ಲಿ ಮಾರಾಟವಾದದ್ದು ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಚಲಾವಣೆಯಲ್ಲಿದ್ದ ಚೀಟಿಗಳೇ. ಚೀಟಿಯನ್ನಷ್ಟೇ ಕೂಡಿಡುವವರ ಆಲ್ಬಮಿನಲ್ಲಿ ಆದ್ದರಿಂದ ಕೊಡಗಿಗೆ ಒಂದು ಪುಟವೂ ಸಿಗುವುದಿಲ್ಲ. ಆದರೆ ಗಡಿಗಳು ಹಲವು ಸಲ ಬದಲಾದ, ಹೊರಗಿನವರ ಆಳ್ವಿಕೆಯನ್ನು ನೂರಕ್ಕೂ ಹೆಚ್ಚು ವರ್ಷ ಕಂಡ ಈ ಪುಟ್ಟ ನಾಡಿನ ಚರಿತ್ರೆ ಕಾಗದಪತ್ರಗಳಲ್ಲಿ ಗುರುತು ಬಿಡದೆ ಹೋಗಿಲ್ಲ. ಆ ಗುರುತು ಚೀಟಿಯ ಚಿತ್ರದಲ್ಲಿಲ್ಲ; ಚೀಟಿಯ ಮೇಲೆ ಬಿದ್ದ ಮೊಹರಿನಲ್ಲಿ, ಲಕೋಟೆಯ ವಿಳಾಸದಲ್ಲಿ, ಟಪಾಲು ಹಿಡಿದ ದಾರಿಯಲ್ಲಿ ಇದೆ. ಇದನ್ನು ನೋಡಲು ಕೊಡಗಿನ ಪಶ್ಚಿಮದ ಬಾಗಿಲಾದ ಸಂಪಾಜೆಗಿಂತ ಒಳ್ಳೆಯ ಊರು ಸಿಗದು.

ಊರು ಮತ್ತು ಹೊಳೆ

ಮಂಗಳೂರಿನಿಂದ ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಏರುವ ಹೆದ್ದಾರಿ ಘಟ್ಟ ಹತ್ತಲು ತೊಡಗುವ ಕಡೆ ಸಂಪಾಜೆ ಇದೆ. ಇದೇ ಹೆಸರಿನ ಎರಡು ಗ್ರಾಮಗಳು ಇಲ್ಲಿ ಎದುರುಬದುರಾಗಿವೆ. ಒಂದು ಕೊಡಗು ಜಿಲ್ಲೆಯ ಮಡಿಕೇರಿ ತಾಲ್ಲೂಕಿನದು, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನದು. ಕಲ್ಲುಗುಂಡಿ ಪೇಟೆ ಇರುವುದು ಈ ಎರಡನೆಯದರಲ್ಲಿ. ಕೊಡಗಿನ ಮಲೆಗಳಲ್ಲಿ ಹುಟ್ಟಿದ ಪಯಸ್ವಿನಿ ಇಲ್ಲಿಂದ ಸುಳ್ಯಕ್ಕೆ ಇಳಿದು, ಮುಂದೆ ಕೇರಳದ ಕಾಸರಗೋಡಿಗೆ ಹರಿದು, ಚಂದ್ರಗಿರಿ ಎಂಬ ಹೆಸರು ಹೊತ್ತು ಕಡಲು ಸೇರುತ್ತದೆ. ಹೊಳೆಯ ಎರಡು ದಂಡೆಯಲ್ಲೂ ಅರೆಭಾಷೆ ಆಡುವ ಗೌಡ ಮನೆತನಗಳಿವೆ. ತುಳು, ಕನ್ನಡ, ಮಲಯಾಳ ಎಲ್ಲ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ. ಸಂಬಂಧ, ತೋಟ, ದೈವ, ಜಾತ್ರೆ ಯಾವುದೂ ಗಡಿ ನೋಡಿ ನಿಂತದ್ದಲ್ಲ. ಬಸ್ಸಿನವರು ‘ಸಂಪಾಜೆ ಗೇಟು’ ಎಂದು ಕೂಗುವ ತಪಾಸಣೆಯ ಜಾಗ ಮಾತ್ರ ಇಲ್ಲೊಂದು ಗೆರೆ ಇದೆಯೆಂಬುದನ್ನು ನೆನಪಿಸುತ್ತದೆ.

ಗೆರೆ ಸರಿದ ಬಗೆ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಂಪಾಜೆ ಗಡಿಯೂರೇ ಆಗಿರಲಿಲ್ಲ. ಘಟ್ಟದ ಕೆಳಗಿನ ಅಮರ ಸುಳ್ಯ, ಪಂಜ, ಬೆಳ್ಳಾರೆಯ ಸೀಮೆಗಳು ಇಕ್ಕೇರಿಯ ನಾಯಕರು, ಹೈದರ್, ಟಿಪ್ಪು ಇವರ ಕಾಲದುದ್ದಕ್ಕೂ ಕೈ ಬದಲಾಯಿಸುತ್ತ ಬಂದು, ಟಿಪ್ಪುವಿನ ಪತನದ ನಂತರ ಮತ್ತೆ ಕೊಡಗಿನ ಅರಸರ ವಶಕ್ಕೆ ಬಂದಿದ್ದವು. ಮಡಿಕೇರಿಯ ಅರಮನೆಯಿಂದ ಹೊರಟ ಆಳು ಸಂಪಾಜೆ ಇಳಿದು ಸುಳ್ಯ, ಬೆಳ್ಳಾರೆ ಮುಟ್ಟುವ ತನಕವೂ ಒಂದೇ ಅರಸನ ನಾಡಿನಲ್ಲಿ ನಡೆಯುತ್ತಿದ್ದ. ಆಗಿನ ಕಾಗದವೆಂದರೆ ಅರಸನ ಹುಕುಂ, ನಿರೂಪ, ಒಯ್ಯುತ್ತಿದ್ದವನು ಓಲೆಕಾರ. ಸಾಮಾನ್ಯ ರೈತನಿಗೆ ಟಪಾಲು ಎಂಬುದು ಇರಲಿಲ್ಲ.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ನಾಲ್ಕು ದಿಕ್ಕಿನಿಂದ ಕೊಡಗಿನ ಮೇಲೆ ಬಂತು. ಕರಾವಳಿಯ ಕುಂಬಳೆಯ ಕಡೆಯಿಂದ ಹೊರಟ ತುಕಡಿ ಪೆಟ್ಟು ತಿಂದು ಹಿಮ್ಮೆಟ್ಟಿದರೂ ಪೂರ್ವದ ದಾರಿಯಲ್ಲಿ ಬಂದವರು ಮಡಿಕೇರಿ ಹಿಡಿದರು. ಅರಸ ಶರಣಾದ, ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯೊಂದಿಗೆ ಕೊಡಗು ಕಂಪನಿಯ ಸೊತ್ತಾಯಿತು. ಕಾವೇರಿ ದಂಡೆಯ ಕುಶಾಲನಗರ ಮುಂದೆ ದಶಕಗಳ ಕಾಲ ಅಂಚೆ ಮೊಹರುಗಳಲ್ಲಿ ‘ಫ್ರೇಸರ್‌ಪೇಟೆ’ ಎಂದು ಅಚ್ಚಾದದ್ದು ಈತನ ಹೆಸರಿನಿಂದಲೇ. ಗೆದ್ದವನ ಹೆಸರು ಸೋತ ನಾಡಿನ ಆ ಊರಿನಿಂದ ಹೊರಟ ಪ್ರತಿ ಕಾಗದದ ಮೇಲೂ ಕೂತಿತ್ತು ಎಂಬುದನ್ನು ಮರೆಯುವಂತಿಲ್ಲ. ಮಡಿಕೇರಿಯೂ ಇಂಗ್ಲಿಷರ ಬಾಯಲ್ಲಿ, ಮೊಹರಿನಲ್ಲಿ ‘ಮರ್ಕಾರಾ’ ಆಯಿತು.

ಸಂಪಾಜೆಯ ಮಟ್ಟಿಗೆ ದೊಡ್ಡ ಬದಲಾವಣೆ ಬೇರೆಯದೇ. ಕೊಡಗನ್ನು ಕಂಪನಿ ಪ್ರತ್ಯೇಕ ಪ್ರಾಂತ್ಯವಾಗಿ ಉಳಿಸಿಕೊಂಡಿತು, ಆದರೆ ಘಟ್ಟದ ಕೆಳಗಿನ ಸುಳ್ಯ–ಪುತ್ತೂರಿನ ಸೀಮೆಯನ್ನು ಕತ್ತರಿಸಿ ಮದ್ರಾಸು ಪ್ರೆಸಿಡೆನ್ಸಿಯ ಕೆನರಾ ಜಿಲ್ಲೆಗೆ ಕೊಟ್ಟಿತು. ಅಲ್ಲಿಯವರೆಗೆ ನಾಡಿನ ನಡುವೆ ಇದ್ದ ಸಂಪಾಜೆ ಒಂದೇ ಆಜ್ಞೆಯಲ್ಲಿ ಎರಡು ಆಡಳಿತಗಳ ಅಂಚಿಗೆ ಬಿತ್ತು. ಕಂದಾಯವನ್ನು ಪೈರಿನ ಬದಲು ನಗದಾಗಿ ಕೇಳುವ ಕೆನರಾದ ಪದ್ಧತಿ ಕೆಳಗಿನವರ ಮೇಲೆ ಬಂತು. ಈ ಕತ್ತರಿಕೆಯ ನೋವು 1837ರ ದಂಗೆಯ ಕಾರಣಗಳಲ್ಲಿ ಮುಖ್ಯವಾದದ್ದು. ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಕರೆದ, ಇಂದು ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂದು ಸ್ಮರಿಸುವ ಆ ಹೋರಾಟ ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೆ ಹೋಯಿತು. ಏಪ್ರಿಲ್‌ನಲ್ಲಿ ಸುಮಾರು ಎರಡು ವಾರ ಮಂಗಳೂರು ಕಂಪನಿಯ ಕೈಯಲ್ಲಿರಲಿಲ್ಲ.

ಅಂಚೆಯ ಚರಿತ್ರೆ ಬರೆಯುವವರು ಈ ದಂಗೆಯನ್ನು ಬದಿಗಿಡುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ದಂಗೆ ಹರಡಿದ್ದೇ ನಿರೂಪಗಳ ಮೂಲಕ: ಅರಸೊತ್ತಿಗೆಯ ವಾರಸುದಾರನೆಂದು ಮುಂದೆ ಬಂದ ಕಲ್ಯಾಣಸ್ವಾಮಿಯ (ಜನರ ಬಾಯಲ್ಲಿ ಕಲ್ಯಾಣಪ್ಪ) ಹೆಸರಿನಲ್ಲಿ ಪಟೇಲರಿಗೆ, ಊರ ಮುಖ್ಯಸ್ಥರಿಗೆ ಕಾಗದಗಳು ಹೋದವು. ಅರಸನಿಲ್ಲದ ಮೇಲೂ ಅರಸೊತ್ತಿಗೆಯ ಕಾಗದದ ದಾರಿ ಜನರ ನೆನಪಿನಲ್ಲಿ ಜೀವಂತವಾಗಿತ್ತು. ಅತ್ತ ಮಂಗಳೂರಿನ ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಹೋದರು; ನೆಲದ ದಾರಿ ಕೈತಪ್ಪಿದಾಗ ಕಡಲೇ ಅವರಿಗೆ ಉಳಿದ ಸಂಪರ್ಕ. ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷ ಕಂಪನಿ ಸರ್ಕಾರ ತಂದ 17ನೆಯ ಕಾಯಿದೆ, ತನ್ನ ಆಳ್ವಿಕೆಯ ನೆಲದಲ್ಲಿ ಹಣ ಪಡೆದು ಕಾಗದ ಒಯ್ಯುವ ಹಕ್ಕು ತನಗೆ ಮಾತ್ರ ಎಂದು ಸಾರಿತು. ಓಲೆಕಾರರ ಕಾಲ ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

1834ರಲ್ಲಿ ಎಳೆದ ಗಡಿ 122 ವರ್ಷ ಅಲುಗಲಿಲ್ಲ. ಅದರ ಹೆಸರುಗಳು ಮಾತ್ರ ಬದಲಾದವು. ಕೆನರಾ ಒಡೆದು 1862ರಲ್ಲಿ ಉತ್ತರ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಕೊಡಗಿನ ಚೀಫ್ ಕಮಿಷನರ್ ಆಗಿದ್ದವರು ಮೊದಲು ಮೈಸೂರಿನ ಕಮಿಷನರ್, 1881ರ ನಂತರ ಬೆಂಗಳೂರಿನಲ್ಲಿ ಕೂತ ರೆಸಿಡೆಂಟ್. ಅಂದರೆ ಸಂಪಾಜೆಯ ಆಚೆ ದಂಡೆಯ ಅರ್ಜಿ ಮದ್ರಾಸಿಗೆ, ಈಚೆ ದಂಡೆಯದು ಮಡಿಕೇರಿಯ ಮೂಲಕ ಬೆಂಗಳೂರಿಗೆ.

ಅರ್ಧ ಆಣೆಯ ಕ್ರಾಂತಿ

ಆಡಳಿತ ಹೀಗೆ ಎರಡಾಗಿದ್ದರೂ ಅಂಚೆ ಒಂದೇ ಆಗಿತ್ತು. ಮದ್ರಾಸು ಅಂಚೆ ವೃತ್ತ ಪ್ರೆಸಿಡೆನ್ಸಿಯನ್ನಷ್ಟೇ ಅಲ್ಲ, ಕೊಡಗನ್ನೂ ಒಳಗೊಂಡಿತ್ತು. 1854ಕ್ಕೆ ಮುಂಚೆ ಕಾಗದದ ದರ ದೂರ ಮತ್ತು ತೂಕ ಎರಡನ್ನೂ ನೋಡಿ ನಿಗದಿಯಾಗುತ್ತಿತ್ತು, ನಗದಾಗಿ ಕಟ್ಟಬೇಕಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಕಾಲು ತೊಲ ತೂಕದ ಕಾಗದ ಅರ್ಧ ಆಣೆಗೆ ಕಂಪನಿಯ ನಾಡಿನಲ್ಲಿ ಎಲ್ಲಿಗೆ ಬೇಕಾದರೂ ಹೋಗತೊಡಗಿತು. ಸುಳ್ಯಕ್ಕೆ ಬರೆದರೂ ಅದೇ ದರ, ಪೆಶಾವರಕ್ಕೆ ಬರೆದರೂ ಅದೇ ದರ. ಗಡಿ ದಾಟುವುದಕ್ಕೆ ಬೆಲೆ ತೆರಬೇಕಾದ ಕಾಲ ಕಾಗದದ ಮಟ್ಟಿಗೆ ಮುಗಿಯಿತು. ಚೀಟಿ ಹಚ್ಚದೆ ಹಾಕಿದ ಕಾಗದಕ್ಕೆ ಪಡೆಯುವವನು ಇಮ್ಮಡಿ ತೆರಬೇಕು. ಹಳ್ಳಿಗಳಲ್ಲಿ ‘ಬೇರಿಂಗ್ ಕಾಗದ’ ಎಂಬ ಮಾತು ಹುಟ್ಟಿ ತೀರ ಇತ್ತೀಚಿನವರೆಗೂ ಬಳಕೆಯಲ್ಲಿತ್ತು.

ಕಲ್ಕತ್ತೆಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಉಸ್ತುವಾರಿಯಲ್ಲಿ ಕಲ್ಲಚ್ಚಿನಿಂದ ತೆಗೆದ ಆ ಮೊದಲ ಚೀಟಿಗಳ ಮೇಲಿದ್ದುದು ವಿಕ್ಟೋರಿಯಾ ರಾಣಿಯ ಮುಖ. ಕೊಡಗಿನವರಿಗೆ ಆ ಮುಖದ ಜೊತೆ ಇನ್ನೊಂದು ನಂಟಿತ್ತು. ಪದಚ್ಯುತ ಚಿಕ್ಕವೀರರಾಜೇಂದ್ರ ಕಾಶಿಯಲ್ಲಿ ವರ್ಷಗಟ್ಟಲೆ ಕಳೆದು 1852ರಲ್ಲಿ ಲಂಡನ್ನಿಗೆ ಹೋಗಿದ್ದ. ಜೊತೆಗೆ ಕರೆದೊಯ್ದ ಮಗಳು ಗೌರಮ್ಮ ಅದೇ ವರ್ಷ ಕ್ರೈಸ್ತಳಾದಾಗ ಧರ್ಮಮಾತೆಯಾಗಿ ನಿಂತವಳು ಇದೇ ರಾಣಿ. ಎರಡು ವರ್ಷದ ಬಳಿಕ ಆ ರಾಣಿಯ ತಲೆ ಅರ್ಧ ಆಣೆಯ ನೀಲಿ ಚೀಟಿಯ ರೂಪದಲ್ಲಿ ಗೌರಮ್ಮನ ತವರಿಗೆ ಬಂತು. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ, ಗೌರಮ್ಮ 1864ರಲ್ಲಿ. ಇಬ್ಬರೂ ಕೊಡಗಿಗೆ ಮರಳಲಿಲ್ಲ.

1855ರ ನಂತರ ಚೀಟಿಯನ್ನು ರದ್ದುಮಾಡಲು ಅಂಕಿ ಮೊಹರುಗಳು ಬಂದವು. ಪ್ರತಿ ಕಚೇರಿಗೆ ಒಂದು ಅಂಕಿ, ವೃತ್ತಕ್ಕೊಂದು ಅಕ್ಷರ: ಬಂಗಾಳಕ್ಕೆ ‘ಬಿ’, ಮದ್ರಾಸಿಗೆ ‘ಸಿ’. ಸಿಂಗಾಪುರದ ಮೊಹರಿನಲ್ಲಿ ‘ಬಿ 172’ ಎಂದಿರುವುದನ್ನು ಸಂಗ್ರಾಹಕರೆಲ್ಲ ಬಲ್ಲರು. ಆ ದ್ವೀಪ ಆಗ ಬಂಗಾಳ ವೃತ್ತದ ಕೈಕೆಳಗಿತ್ತು, ಭಾರತದ ಚೀಟಿಯನ್ನೇ 1867ರವರೆಗೆ ಬಳಸಿತು. ಸಾಮ್ರಾಜ್ಯದ ಅಂಚೆಗೆ ಕಡಲಾಚೆಯ ಸಿಂಗಾಪುರವೂ ಘಟ್ಟದ ಮೇಲಿನ ಮಡಿಕೇರಿಯೂ ಒಂದೊಂದು ಅಂಕಿ ಮಾತ್ರ. ಚೀಟಿಯ ಮೇಲಿನ ಬರಹವೂ ಆಳುವವರ ಕಣ್ಣಿನದೇ: ಲಂಡನ್ನಿನ ಡೆ ಲಾ ರೂ ಕಂಪನಿ ಅಚ್ಚುಹಾಕಿದ ಚೀಟಿಗಳಲ್ಲಿ ಬಹುಕಾಲ ‘ಈಸ್ಟ್ ಇಂಡಿಯಾ’ ಎಂದಿತ್ತು, 1882ರಿಂದ ‘ಇಂಡಿಯಾ’ ಆಯಿತು. ಅಚ್ಚಿನ ಕೆಲಸ ನಾಸಿಕಕ್ಕೆ ಬಂದದ್ದು 1920ರ ದಶಕದ ನಡುವಿನಲ್ಲಿ.

ಕಾಫಿ ತಂದ ಟಪಾಲು

ಚೀಟಿ ಬಂದ ಕಾಲಕ್ಕೇ ಸಂಪಾಜೆಯ ಘಾಟಿಗೆ ಕಾಫಿ ಬಂತು. 1854ರಲ್ಲಿ ಫೌಲರ್ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದ. ಮರುವರ್ಷ ಸಂಪಾಜೆ ಘಾಟಿಯಲ್ಲಿ ಮಾನ್ ಎಂಬಾತ ಮೊದಲಿಗನಾದ. 1856ರಲ್ಲಿ ಪೆರಂಬಾಡಿ ಘಾಟಿಯಲ್ಲಿ ಡಾ. ಮ್ಯಾಕ್ಸ್‌ವೆಲ್, 1857ರಲ್ಲಿ ಆನಂದಪುರದಲ್ಲಿ ಬಾಸೆಲ್ ಮಿಶನ್ನಿನ ಕೌಂಡಿನ್ಯ. ಮೊದಲ ತೋಟಗಳು ಘಾಟಿಯ ದಾರಿಗಳಿಗೆ ಅಂಟಿಕೊಂಡೇ ಎದ್ದದ್ದು ಕಾಕತಾಳೀಯವಲ್ಲ. ಕಾಫಿ ಮಂಗಳೂರಿಗೆ, ತಲಚೇರಿಗೆ ಇಳಿಯಬೇಕು. ಬೆಲೆಯ ಸುದ್ದಿ ಅಲ್ಲಿಂದ ಏರಬೇಕು. ತೋಟದ ದೊರೆಗೆ ಲಂಡನ್ನಿನ ದಲ್ಲಾಳಿಯ ಕಾಗದ ವಾರ ತಡವಾದರೆ ಲಾಭನಷ್ಟದ ಲೆಕ್ಕವೇ ಬದಲಾಗುತ್ತಿತ್ತು. ಘಾಟಿಯ ರಸ್ತೆ ಸುಧಾರಿಸಿದ್ದೂ ಟಪಾಲು ಬಲಗೊಂಡದ್ದೂ ಈ ಒತ್ತಡದಿಂದಲೇ ಹೊರತು ಸಂಪಾಜೆಯ ಗೌಡರ ಮೇಲಿನ ಪ್ರೀತಿಯಿಂದಲ್ಲ. ಆದರೂ ಹಾಗೆ ಬಂದ ಸೌಕರ್ಯವನ್ನು ಮಲೆನಾಡಿನ ಜನ ತಮ್ಮದಾಗಿಸಿಕೊಂಡರು. 1879ರಲ್ಲಿ ಕಾಲಾಣೆಯ ಕಾರ್ಡು, 1880ರಲ್ಲಿ ಮನಿಯಾರ್ಡರು ಬಂದ ಮೇಲೆ ಅಂಚೆಯಾಳು ಸೈನಿಕರ ಮನೆಗಳಿಗೆ, ತೋಟದ ಕೂಲಿಯವರ ಊರುಗಳಿಗೆ ನಿಜವಾದ ಅರ್ಥದಲ್ಲಿ ಬೇಕಾದವನಾದ.

ಕೊಡಗಿನ ಅಂಚೆಯ ಸ್ವಭಾವವನ್ನು 1937ರಲ್ಲಿ ಬಂದ ಆರನೆಯ ಜಾರ್ಜ್ ಸರಣಿಯ ಚೀಟಿಗಳ ಪಕ್ಕದಲ್ಲಿಟ್ಟು ನೋಡಬಹುದು. ಎರಡಾಣೆಯ ಚೀಟಿಯಲ್ಲಿ ಭರ್ಜಿ ಹಿಡಿದು ಓಡುವ ಅಂಚೆಯಾಳು, ನಂತರದ ಬೆಲೆಗಳಲ್ಲಿ ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ವಿಮಾನ. ದೇಶದ ಟಪಾಲು ನಡೆದ ದಾರಿಯನ್ನು ಬೆಲೆಯ ಏಣಿಯಲ್ಲಿ ಜೋಡಿಸಿದ ಚಂದದ ಸರಣಿ ಅದು. ಕೊಡಗು ಈ ಏಣಿಯ ಅರ್ಧ ಮೆಟ್ಟಿಲುಗಳನ್ನು ಮುಟ್ಟಲೇ ಇಲ್ಲ. ಇಂದಿಗೂ ಜಿಲ್ಲೆಯಲ್ಲಿ ರೈಲಿಲ್ಲ. ಪೂರ್ವದಲ್ಲಿ 1882ಕ್ಕೆ ಮೈಸೂರು ಮುಟ್ಟಿದ ರೈಲು, ಪಶ್ಚಿಮದಲ್ಲಿ 1907ಕ್ಕೆ ಮಂಗಳೂರು ಮುಟ್ಟಿದ ರೈಲು: ಇವೆರಡರ ನಡುವಿನ ಟಪಾಲೆಲ್ಲ ಆಳಿನ ಹೆಗಲು, ಗಾಡಿ, ಆಮೇಲೆ ಮೋಟಾರಿನ ಮೇಲೆ ನಡೆಯಿತು. ಆದ್ದರಿಂದಲೇ ಘಾಟಿ ಕುಸಿದರೆ ಕಾಗದ ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಯ ಬೆಟ್ಟಗಳು ಜರಿದಾಗ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಕಡಿದುಹೋಗಿ, ಎರಡೂ ಕಡೆಯ ಜನ ನೂರಾರು ವರ್ಷಗಳಲ್ಲಿ ಯಾವ ಸರ್ಕಾರವೂ ಹಾಕಲಾಗದಷ್ಟು ಗಟ್ಟಿಯಾದ ಗಡಿಯೊಂದನ್ನು ಕಂಡರು.

ಪೂರ್ವದ ಅಂಚು: ಮೈಸೂರು ಅಂಚೆ

ಸಂಪಾಜೆಯ ಗಡಿಯಲ್ಲಿ ಅಂಚೆ ಒಂದೇ ಆಗಿದ್ದರೆ, ನಾಡಿನ ಇನ್ನೊಂದು ತುದಿಯಾದ ಫ್ರೇಸರ್‌ಪೇಟೆಯಲ್ಲಿ ಸ್ಥಿತಿ ಬೇರೆ. ಕಾವೇರಿಯ ಆಚೆ ಮೈಸೂರು ಸಂಸ್ಥಾನ. ಅಲ್ಲಿ ಓಡುತ್ತಿದ್ದುದು ‘ಮೈಸೂರು ಅಂಚೆ’. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಈ ವ್ಯವಸ್ಥೆಯ ನೌಕರರು ಕಾಗದ ಒಯ್ಯುವುದರ ಜೊತೆಗೆ ಸೀಮೆಯ ಆಗುಹೋಗುಗಳನ್ನೂ ಅರಸನಿಗೆ ತಿಳಿಸುತ್ತಿದ್ದರು. ಹೈದರ್, ಟಿಪ್ಪು, ಪೂರ್ಣಯ್ಯ, ಕಮಿಷನರುಗಳು ಹೀಗೆ ಆಳುವವರು ಬದಲಾದರೂ ಅಂಚೆ ಉಳಿದುಕೊಂಡಿತು. ಇಷ್ಟು ಹಳೆಯ ಅಂಚೆ ಇದ್ದರೂ ಮೈಸೂರು ತನ್ನ ಹೆಸರಿನಲ್ಲಿ ಒಂದೂ ಅಂಚೆಚೀಟಿ ಹೊರಡಿಸಲಿಲ್ಲ. 1889ರಲ್ಲಿ ಸಾಮ್ರಾಜ್ಯದ ಅಂಚೆಯೊಂದಿಗೆ ವಿಲೀನವಾಯಿತು. ಹೈದರಾಬಾದಿನ ನಿಜಾಮರು 1869ರಿಂದ, ತಿರುವಾಂಕೂರು 1888ರಿಂದ, ಕೊಚ್ಚಿ 1892ರಿಂದ ಸ್ವಂತ ಚೀಟಿ ಅಚ್ಚುಹಾಕಿದವು. ಕಲಬುರ್ಗಿ, ರಾಯಚೂರು, ಬೀದರಿನ ಕನ್ನಡಿಗರು ನಿಜಾಮರ ಚೀಟಿ ಹಚ್ಚಿ ಕಾಗದ ಬರೆದರು. ಕಾರವಾರದ ಆಚೆ ಗೋವದವರು 1871ರಿಂದ ಪೋರ್ಚುಗೀಸ್ ಇಂಡಿಯಾದ ಚೀಟಿ ಹಚ್ಚಿದರು, 1961ರ ಡಿಸೆಂಬರ್‌ವರೆಗೆ. ಇವರೆಲ್ಲರ ನಡುವೆ ಮೈಸೂರು ಮತ್ತು ಕೊಡಗು ಎರಡೂ ಚೀಟಿಯಿಲ್ಲದ ನಾಡುಗಳಾಗಿ ಉಳಿದವು, ಒಂದು ತಾನೇ ಬಿಟ್ಟುಕೊಟ್ಟು, ಇನ್ನೊಂದು ಅವಕಾಶವೇ ಸಿಗದೆ.

1956: ಒಂದು ಹೊಳೆ, ಎರಡು ತೀರ್ಮಾನ

ಸ್ವಾತಂತ್ರ್ಯದ ನಂತರ ಕೊಡಗು ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಯಿತು. 1952ರ ಚುನಾವಣೆಯ ಬಳಿಕ ಸಿ. ಎಂ. ಪೂಣಚ್ಚ ಅದರ ಮುಖ್ಯಮಂತ್ರಿ. ಸಂಪಾಜೆಯ ಸೇತುವೆಯ ಒಂದು ತುದಿ ಕೊಡಗು ರಾಜ್ಯ, ಇನ್ನೊಂದು ಮದ್ರಾಸು ರಾಜ್ಯ. 1956ರ ನವೆಂಬರ್ 1ರಂದು ಕೊಡಗೂ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಸೇರಿದಾಗ, 1834ರಲ್ಲಿ ಎಳೆದ ಗೆರೆ ಜಿಲ್ಲೆಯ ಗಡಿಯಾಗಿ ಕುಗ್ಗಿತು. ಅದೇ ದಿನ ಅದೇ ಹೊಳೆಯ ಕೆಳಗಿನ ಹರಿವಿನಲ್ಲಿ ಹೊಸ ಗೆರೆ ಬಿತ್ತು: ದಕ್ಷಿಣ ಕೆನರಾದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸು ಸರ್ಕಾರ. ಏಳು ವರ್ಷದ ಬಳಿಕ ಅವರು ಮನೆ ಬದಲಾಯಿಸದೆಯೇ ಇನ್ನೊಂದು ರಾಜ್ಯದ ನಿವಾಸಿಯಾದರು. ಕನ್ನಡ ಓದುವ ಸಾವಿರಾರು ಮನೆಗಳಿಗೆ ಮಂಗಳೂರಿನ ಪತ್ರಿಕೆ, ಬೆಂಗಳೂರಿನ ಮಾಸಿಕ ಹೊರರಾಜ್ಯದಿಂದ ಬರುವ ಟಪಾಲಾಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಸಂಪಾಜೆಯಲ್ಲಿ ಕುಗ್ಗಿದ ಗೆರೆಯೂ ಕಾಸರಗೋಡಿನಲ್ಲಿ ಉಳಿದ ಗೆರೆಯೂ ಒಂದೇ ನೀರಿನ ದಂಡೆಯವು ಎಂಬುದನ್ನು ಕನ್ನಡಿಗರು ನೆನಪಿಟ್ಟುಕೊಳ್ಳಬೇಕು.

ಇಷ್ಟೆಲ್ಲ ನಡೆದರೂ ಅಂಚೆಚೀಟಿಯಲ್ಲಿ ಅದರ ಸುಳಿವಿಲ್ಲ. ಪುನರ್ವಿಂಗಡಣೆಯಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ಆಣೆ ಹೋಗಿ ನಯೇ ಪೈಸೆ ಬಂದಾಗ ಹೊಸ ಸರಣಿಯ ಚೀಟಿ ಹೊರಟಿತು. ಅದರ ಚಿತ್ರ ಭಾರತದ ಭೂಪಟ. ರಾಜ್ಯಗಳ ಗಡಿಗಳಿಗಾಗಿ ದೇಶವೇ ಕುದಿಯುತ್ತಿದ್ದ ಹೊತ್ತಿನಲ್ಲಿ ಒಳಗೆರೆ ಒಂದೂ ಇಲ್ಲದ ಭೂಪಟವನ್ನು ದಿನನಿತ್ಯದ ಚೀಟಿಗೆ ಆರಿಸಿದ್ದು ಎಚ್ಚರದ ನಿರ್ಧಾರವೆಂದೇ ತೋರುತ್ತದೆ.

ಪಿನ್ ಸಂಖ್ಯೆ ಹೇಳುವುದೇನು

1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರ ರೂಪಿಸಿದ ಪಿನ್ ಪದ್ಧತಿ ಜಾರಿಗೆ ಬಂತು. ಆರಂಕಿಯ ಮೊದಲ ಎರಡು ಅಂಚೆ ವೃತ್ತವನ್ನು, ಮೂರನೆಯದೂ ಸೇರಿದರೆ ವಿಂಗಡಣೆಯ ಜಿಲ್ಲೆಯನ್ನು ಸೂಚಿಸುತ್ತವೆ. ಮಡಿಕೇರಿಯ ಪಿನ್ 571201, ಪುತ್ತೂರಿನದು 574201, ಸುಳ್ಯದ್ದು 574239. ಸಂಪಾಜೆಯದು 574234. ಕೊಡಗಿನ ಊರೊಂದು ಅಂಚೆಯ ಲೆಕ್ಕದಲ್ಲಿ ಘಟ್ಟದ ಕೆಳಗಿನ ಗುಂಪಿಗೆ ಸೇರಿರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಕಾರಣ ಸರಳ: ಟಪಾಲು ವಿಂಗಡಿಸುವವನಿಗೆ ಬೇಕಾದದ್ದು ರಸ್ತೆಯ ಏರಿಳಿತ, ಜಿಲ್ಲೆಯ ಗೆರೆಯಲ್ಲ. ವಿಳಾಸದಲ್ಲಿ ‘ಮಡಿಕೇರಿ ತಾಲ್ಲೂಕು, ಕೊಡಗು’ ಎಂದು ಬರೆದು ಕೆಳಗೆ 574ರ ಅಂಕಿ ಹಾಕುವಾಗ ಸಂಪಾಜೆಯವರು ಒಂದೇ ಲಕೋಟೆಯ ಮೇಲೆ ಎರಡು ಭೂಪಟಗಳನ್ನು ಬರೆಯುತ್ತಾರೆ, 1834ರದ್ದು ಒಂದು, ಅದಕ್ಕಿಂತ ಹಳೆಯ ಸುಳ್ಯ ಸೀಮೆಯದು ಇನ್ನೊಂದು. ಕಾಸರಗೋಡಿನ ಪಿನ್ 671121. ಪಯಸ್ವಿನಿ ಹುಟ್ಟುವುದು 57ರಲ್ಲಿ, ಕಡಲು ಸೇರುವುದು 67ರಲ್ಲಿ.

ಕೊಡಗಿನ ಯೋಧರು, ಪರದೇಶದ ಚೀಟಿಗಳು

ಆಕ್ರಮಣ, ಗಡಿ ಬದಲಾವಣೆ ಆದಾಗ ಅಂಚೆಯಲ್ಲಿ ಕಾಣುವ ಮೊದಲ ಗುರುತು ಮೇಲಚ್ಚು. ಇದ್ದ ಚೀಟಿಯ ಮೇಲೆ ಹೊಸ ಒಡೆಯನ ಹೆಸರನ್ನು ಅಚ್ಚೊತ್ತುವುದು ಎಲ್ಲಕ್ಕಿಂತ ಅಗ್ಗದ, ಬೇಗನೆ ಆಗುವ ಕೆಲಸ. 1937ರಲ್ಲಿ ಬರ್ಮಾ ಭಾರತದಿಂದ ಬೇರೆಯಾದಾಗ ಭಾರತದ ಚೀಟಿಯ ಮೇಲೆ ‘ಬರ್ಮಾ’ ಎಂದು ಬಿತ್ತು. 1942ರಲ್ಲಿ ಜಪಾನೀಯರು ಬಂದಾಗ ಅದೇ ನಾಡಿನ ಚೀಟಿಗಳ ಮೇಲೆ ನವಿಲಿನ ಅಚ್ಚು ಬಿತ್ತು. 1947ರಲ್ಲಿ ಜಾರ್ಜ್ ದೊರೆಯ ಮುಖದ ಮೇಲೆ ‘ಪಾಕಿಸ್ತಾನ್’ ಎಂದು ಬಿತ್ತು. ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಹೆಸರಿನ ಚೀಟಿಗಳು ಬರ್ಲಿನ್ನಿನಲ್ಲಿ ಅಚ್ಚಾಗಿಯೂ ಟಪಾಲಿಗೆ ಇಳಿಯಲಿಲ್ಲ.

ಕೊಡಗು ಸೈನಿಕರ ನಾಡಾದ್ದರಿಂದ ಇಂಥ ಚೀಟಿಗಳ ಕಥೆಯಲ್ಲಿ ಅದಕ್ಕೆ ನೇರ ಪಾಲಿದೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ ಕೊರಿಯಾ ಯುದ್ಧದ ಸೆರೆಯಾಳುಗಳ ವಿಲೇವಾರಿಗಾಗಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾದರು. ಅಲ್ಲಿಗೆ ಹೋದ ಭಾರತೀಯ ಪಡೆಗಾಗಿ 1949ರ ಪುರಾತತ್ವ ಸರಣಿಯ ಚೀಟಿಗಳ ಮೇಲೆ ನಾಗರಿಯಲ್ಲಿ ‘ಭಾರತೀಯ ಸಂರಕ್ಷಾ ಕಟಕ ಕೋರಿಯಾ’ ಎಂದು ಮೇಲಚ್ಚು ಹಾಕಲಾಯಿತು. ಆ ಸರಣಿಯ ಆರಾಣೆ ಚೀಟಿಯಲ್ಲಿರುವುದು ವಿಜಾಪುರದ ಗೋಲಗುಮ್ಮಟ. ಹೀಗೆ, ಆಗಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕನ್ನಡ ನೆಲದ ಗುಮ್ಮಟವೊಂದು, ಇನ್ನೂ ಒಂದಾಗದ ಕರ್ನಾಟಕದ ಎರಡು ತುದಿಗಳನ್ನು ಇಬ್ಭಾಗವಾದ ಕೊರಿಯಾದಲ್ಲಿ ಕೂಡಿಸಿತು.

ತಿಮ್ಮಯ್ಯ 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ದಂಡನಾಯಕರಾದರು; 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಗ್ರೀಕರು, ತುರ್ಕರು ಇಬ್ಬರ ಗೌರವವನ್ನೂ ಗಳಿಸಿದ್ದ ಅವರ ನೆನಪಿಗೆ ಸೈಪ್ರಸ್ 1966ರಲ್ಲಿ ಅಂಚೆಚೀಟಿ ಹೊರಡಿಸಿತು. ಸ್ವಂತ ಚೀಟಿ ಕಾಣದ ಕೊಡಗಿನ ಮಗನೊಬ್ಬನ ಮುಖ ಪರದೇಶದ ಚೀಟಿಯಲ್ಲಿ ಬಂದದ್ದು ಈ ಚರಿತ್ರೆಯ ದೊಡ್ಡ ಗಳಿಗೆ ಎಂದು ಹೇಳಲು ನನಗೆ ಅಳುಕಿಲ್ಲ. ಎಂಟು ವರ್ಷದ ನಂತರ, 1974ರಲ್ಲಿ, ತುರ್ಕಿಯ ಸೇನೆ ದ್ವೀಪದ ಉತ್ತರವನ್ನು ಹಿಡಿಯಿತು. ಆ ಭಾಗ ತನ್ನದೇ ಚೀಟಿ ಅಚ್ಚುಹಾಕಿದರೂ ಜಗತ್ತು ಮನ್ನಿಸದ ಕಾರಣ ಅಲ್ಲಿಗೆ ಹೋಗುವ ಕಾಗದದ ವಿಳಾಸದಲ್ಲಿ ಇಂದಿಗೂ ‘ಮೆರ್ಸಿನ್ 10, ತುರ್ಕಿ’ ಎಂದು ಬರೆಯಬೇಕು.

ಊರಿನಲ್ಲಿರುವ ಮನೆಯವರಿಗೆ ಮಾತ್ರ ಇಂಥ ಭೂಗೋಳ ಕಾಣುವುದಿಲ್ಲ. ಸೈನಿಕನ ವಿಳಾಸವೆಂದರೆ ಘಟಕದ ಹೆಸರು ಮತ್ತು ‘56 ಎಪಿಒ’ ಅಥವಾ ‘99 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ಸಂಖ್ಯೆ. ಅವನು ಯಾವ ಗಡಿಯಲ್ಲಿ ನಿಂತಿದ್ದಾನೆಂದು ಆ ಮೊಹರು ಹೇಳುವುದಿಲ್ಲ. ಮುಚ್ಚಿಡುವುದಕ್ಕೆಂದೇ ಅದು ಇರುವುದು.

ಬೈಲುಕುಪ್ಪೆ

ಕುಶಾಲನಗರದಿಂದ ಕಾವೇರಿ ದಾಟಿದರೆ ಸಿಗುವ ಬೈಲುಕುಪ್ಪೆಯಲ್ಲಿ 1960–61ರ ಹೊತ್ತಿಗೆ ಟಿಬೆಟಿನ ನಿರಾಶ್ರಿತರು ನೆಲೆಸಿದರು. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ, 571104 ಪಿನ್ನಿನ ಈ ಊರಿಗೆ ಬಂದವರು ಬಿಟ್ಟುಬಂದ ನಾಡಿಗೆ ಸ್ವಂತ ಅಂಚೆಯೂ ಚೀಟಿಯೂ ಇದ್ದವು. ಲಾಸಾದಲ್ಲಿ 1912ರಿಂದ ಮರದ ಅಚ್ಚಿನಲ್ಲಿ ಕೈಯಿಂದ ತೆಗೆದ, ಹಿಮಸಿಂಹದ ಚಿತ್ರವುಳ್ಳ ಆ ಚೀಟಿಗಳು ಹನ್ನೆರಡರ ಹಾಳೆಗಳಲ್ಲಿ ಬರುತ್ತಿದ್ದವು. ಟಿಬೆಟ್ ವಿಶ್ವ ಅಂಚೆ ಒಕ್ಕೂಟದ ಸದಸ್ಯನಾಗಿರಲಿಲ್ಲ. ಹೀಗಾಗಿ ಪರದೇಶಕ್ಕೆ ಹೋಗುವ ಕಾಗದಕ್ಕೆ ಟಿಬೆಟಿನ ಚೀಟಿಯ ಜೊತೆಗೆ ಭಾರತದ ಚೀಟಿಯನ್ನೂ ಹಚ್ಚಬೇಕಿತ್ತು; ಬ್ರಿಟಿಷರು ಟಿಬೆಟಿನ ಮೇಲೆ ನಡೆಸಿದ ಯಂಗ್‌ಹಸ್ಬೆಂಡ್ ದಂಡಯಾತ್ರೆಯ ಕಾಲದಲ್ಲಿ ನೆಲೆಗೊಂಡು ಗ್ಯಾಂಟ್ಸೆ, ಯಾಟುಂಗ್, ಫಾರಿಗಳಲ್ಲಿ ಉಳಿದಿದ್ದ ಭಾರತದ ಅಂಚೆ ಕಚೇರಿಗಳು ಅದನ್ನು ಮುಂದಕ್ಕೆ ಸಾಗಿಸುತ್ತಿದ್ದವು. 1954ರ ಒಪ್ಪಂದದಂತೆ ಮರುವರ್ಷ ಆ ಕಚೇರಿಗಳು ಚೀನಾದ ಪಾಲಾದವು. ಟಿಬೆಟಿನ ಚೀಟಿಗಳೂ 1959ರ ಹೊತ್ತಿಗೆ ಮುಗಿದವು. 1834ರಲ್ಲಿ ನಾಡು ಕಳೆದುಕೊಂಡ ಅರಸೊತ್ತಿಗೆಯ ಅಂಚಿನಲ್ಲೇ ಇಪ್ಪತ್ತನೆಯ ಶತಮಾನದಲ್ಲಿ ನಾಡು ಕಳೆದುಕೊಂಡ ಇನ್ನೊಂದು ಜನ ಭಾರತದ ಚೀಟಿ ಹಚ್ಚಿ ಕಾಗದ ಬರೆಯುತ್ತಿದ್ದಾರೆ.

ಸಂಗ್ರಹ ಮತ್ತು ಅಧ್ಯಯನ

ಈ ಪ್ರದೇಶದ ಅಂಚೆ ಚರಿತ್ರೆಗೆ ಬಿಡಿ ಚೀಟಿ ಉಪಯೋಗವಿಲ್ಲ, ಲಕೋಟೆ ಇಡಿಯಾಗಿರಬೇಕು. ನೀರಲ್ಲಿ ನೆನೆಸಿ ಚೀಟಿ ಕಿತ್ತ ಗಳಿಗೆಯಲ್ಲಿ ಊರು, ದಾರಿ, ತಾರೀಖು ಮೂರೂ ಹೋಗುತ್ತವೆ. ಮುಂಬದಿಯಲ್ಲಿ ಹೊರಟ ಊರಿನ ಮೊಹರು, ಹಿಂಬದಿಯಲ್ಲಿ ನಡುವಿನ ಮತ್ತು ತಲುಪಿದ ಕಚೇರಿಗಳ ಮೊಹರು ಇರುತ್ತವೆ. ಮಡಿಕೇರಿಯಿಂದ ಹೊರಟ ಕಾಗದ ಮಂಗಳೂರಿನ ಮೇಲಿಂದ ಹೋಯಿತೋ ಮೈಸೂರಿನ ಮೇಲಿಂದಲೋ ಎಂಬುದನ್ನು ಹಿಂಬದಿ ಹೇಳುತ್ತದೆ. ಊರ ಹೆಸರಿನ ಜೊತೆ ಜಿಲ್ಲೆಯ ಗುರುತು ಸೇರಿಸಿದ ಮೊಹರುಗಳನ್ನು ವಿಶೇಷವಾಗಿ ನೋಡಬೇಕು. ಪುತ್ತೂರಿನಂತೆ ಒಂದೇ ಹೆಸರಿನ ಊರುಗಳು ಹಲವಿದ್ದ ಕಡೆ ಇದು ಅನಿವಾರ್ಯ. ಜಿಲ್ಲೆಯೂ ರಾಜ್ಯವೂ ಬದಲಾದ ಮೇಲೂ ಹಳೆಯ ಹಿತ್ತಾಳೆ ಮೊಹರು ಸವೆಯುವವರೆಗೆ ಬಳಕೆಯಲ್ಲಿ ಉಳಿಯುವುದು ಅಂಚೆ ಕಚೇರಿಗಳಲ್ಲಿ ಸಹಜ.

ಸರ್ಕಾರಿ ದಾಖಲೆಗಳಾಚೆ ಎರಡು ನಿಧಿಗಳಿವೆ. ಒಂದು, ಮಂಗಳೂರು ಮತ್ತು ಕೊಡಗಿನಿಂದ ಬಾಸೆಲ್ ಮಿಶನ್ನಿನವರು ತಮ್ಮ ಕೇಂದ್ರಕ್ಕೆ ಬರೆದ ಕಾಗದಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಪತ್ರಾಗಾರದಲ್ಲಿ ಅವನ್ನು ಕಾಪಾಡಿದ್ದಾರೆ. ಇನ್ನೊಂದು ಮನೆಗಳಲ್ಲೇ ಇದೆ. ಸಂಪಾಜೆ, ಪೆರಾಜೆ, ಚೆಂಬು, ಅರಂತೋಡಿನ ಹಳೆಯ ಮನೆಗಳ ಅಟ್ಟದ ಮೇಲೆ ತಂತಿಗೆ ಪೋಣಿಸಿದ ಕಾರ್ಡುಗಳು, ಮನಿಯಾರ್ಡರಿನ ರಶೀದಿಗಳು, ಸೇನೆಯಿಂದ ಬಂದ ಲಕೋಟೆಗಳು ಮಳೆಗಾಲದ ತೇವಕ್ಕೆ ಹಾಳಾಗುವ ಮುನ್ನ ಯಾರಾದರೂ ನೋಡಿ, ಪ್ರತಿ ತೆಗೆದು, ಪಟ್ಟಿ ಮಾಡಬೇಕು. ಮೊದಲು ಹುಡುಕಬೇಕಾದವು 1956ರ ಅಕ್ಟೋಬರ್ ಕೊನೆಯ ಮತ್ತು ನವೆಂಬರ್ ಮೊದಲ ವಾರದ ತಾರೀಖುಗಳುಳ್ಳ ಕಾಗದಗಳು, ಸುಳ್ಯ ಕಡೆಯಿಂದ ಮಡಿಕೇರಿಗೆ ಹೋದವು ಮತ್ತು ಕಾಸರಗೋಡಿನಿಂದ ಮಂಗಳೂರಿಗೆ ಹೋದವು.